ಬಾಣದ ಒಡತಿ

ಗುಡಿಸಲ ಹಿಂದೆ ತಾನಿಟ್ಟ ಚಪ್ಪಟೆ ಕಲ್ಲು ಇಟ್ಟಲ್ಲೇ ಇದೆಯೇ ಎಂದು ತಸಾ ಎದ್ದಾಗಿನಿಂದ ಮೂರು ಸಲ ಹೋಗಿ ನೋಡಿ ಬಂದಿದ್ದಳು. ಕಲ್ಲಿಗೆ ಕಾಲಿಲ್ಲ, ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೂ ಗೊತ್ತು. ಆದರೆ ಮಗಳಿಗೆ ಕಾಲು ಬಂದಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತುವ, ಎತ್ತಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು. ಮೂರನೆಯ ಸಲ ನೋಡಿ ಬಂದವಳು ಒಲೆಯ ಬೂದಿಯ ಪಕ್ಕ ಕುಳಿತು ಮೊಂಗೊಂಗೊ ಕಾಯಿ ಒಡೆಯತೊಡಗಿದಳು. ಕೆಳಗೊಂದು ಕಲ್ಲು, ಮೇಲೊಂದು ಕಲ್ಲು, ನಡುವೆ ಕಾಯಿ. ಏಟು ಹದವಾಗಿ ಬಿದ್ದರೆ ತಿರುಳು ಇಡಿಯಾಗಿ ಈಚೆ ಬರುತ್ತದೆ, ತಪ್ಪಿದರೆ ಸಿಪ್ಪೆಯ ಜೊತೆ ಸೇರಿ ಪುಡಿ. ಇವತ್ತು ಎಲ್ಲ ಪುಡಿಯೇ. ಆಚೆ ಮರದ ನೆರಳಲ್ಲಿ ಕಾಲು ಚಾಚಿ ಕುಳಿತಿದ್ದ ಅತ್ತೆ ಬಾವುವಿಗೆ ಕಣ್ಣು ಮಂಜಾದರೂ ಕಿವಿ ಚುರುಕು.

"ಏನೇ ಸೊಸೆ, ಕಾಯಿ ಒಡೀತಿದ್ದೀಯೋ, ಯಾರದಾದ್ರೂ ತಲೆ ಒಡೀತಿದ್ದೀಯೋ?"

"ಕಾಯೇ ಗಟ್ಟಿ ಅತ್ತೆ."

"ಕಾಯಿ ಯಾವತ್ತು ಮೆತ್ತಗಿತ್ತು? ಕೊಡು ಆ ಪುಡೀನೇ. ಹಲ್ಲಿಲ್ಲದೋಳಿಗೆ ನೀನು ಉಪಕಾರ ಮಾಡಿದ ಹಾಗಾಯ್ತು." ಮುದುಕಿ ಕೈ ಚಾಚಿದಳು. ಪುಡಿಯನ್ನು ಬಾಯಿಗೆ ಹಾಕಿಕೊಂಡು ಆಡಿಸುತ್ತ, "ಹೊಟ್ಟೆ ತುಂಬುತ್ತೆ, ಇಲ್ಲ ಅನ್ನಲ್ಲ. ಆದ್ರೆ ಹಸಿವು ಬೇರೆ, ಮಾಂಸದ ಹಸಿವು ಬೇರೆ. ಇದು ಕಾಯಿಗೆಲ್ಲ ಅಡಗೋದಲ್ಲ. ಇಷ್ಟು ಹೊತ್ತಿಗೆ ಬಿದ್ದಿರುತ್ತೆ, ಅಲ್ವೇನೇ?" ಎಂದಳು.

ತಸಾ ಇನ್ನೊಂದು ಕಾಯಿ ಇಟ್ಟು ಹೊಡೆದಳು. ಅದೂ ಪುಡಿಯಾಯಿತು.

ಇಷ್ಟು ಹೊತ್ತಿಗೆ ಬಿದ್ದಿರಬೇಕಿತ್ತು, ನಿಜ. ಮೊನ್ನೆ ಸಂಜೆ ಕಾಶೆ ಬೇಟೆಯಿಂದ ಬಂದವನು ಯಾರನ್ನೂ ಮಾತಾಡಿಸದೆ ಬಂದು ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಅವನ ದೊಡ್ಡಪ್ಪನ ಮಗ ದೇಬೆ ಪಕ್ಕಕ್ಕೆ ಬಂದು, ಏನಾದರೂ ಕಂಡಿತೇ ಎಂದು ಕೇಳಿದಾಗ, "ಎಲ್ಲಿ ಕಾಣುತ್ತೆ, ನಾನು ಬೇಟೆಗೆ ಲಾಯಕ್ಕಾದವನೇ ಅಲ್ಲ. ಒಂದು ಸಣ್ಣದು ಇತ್ತೇನೋ, ನೆರಳೋ ಏನೋ" ಎಂದಿದ್ದ. ಹಾಗೆಂದಾಗಲೇ ಎಲ್ಲರಿಗೂ ಗೊತ್ತಾಯಿತು, ದೊಡ್ಡದಕ್ಕೇ ಹೊಡೆದಿದ್ದಾನೆ ಎಂದು. ಹೊಡೆದವನು ಜಂಬ ಕೊಚ್ಚಬಾರದು; ಕೊಚ್ಚಿದವನ ನಾಲಗೆ ನಾಳೆ ಯಾರ ಮೇಲಾದರೂ ಎರಗುತ್ತದೆ. ಮೆಲ್ಲಗೆ ಕೇಳಿ ಕೇಳಿ ದೇಬೆಯೇ ಈಚೆಗೆ ಎಳೆದದ್ದು: ಸುರುಳಿ ಕೊಂಬಿನ ದೊಡ್ಡ ಜಿಂಕೆ, ಗಂಡು ಕುಡೂ, ಬಾಣ ತೊಡೆಗೆ ಬಿದ್ದಿದೆ, ಅದರ ತಂತಿ ಮೊನೆ ಒಳಗೆ ಹೊಕ್ಕಿದೆ. ತಂತಿ ಮೊನೆ ಎಂಬ ಮಾತು ಬಂದಾಗ ತಸಾ ಮಗುವಿಗೆ ಹಾಲೂಡುತ್ತಿದ್ದಳು. ಹಾಲು ಅಲ್ಲೇ ನಿಂತುಹೋದಂತಾಯಿತು. ಮಗು ಬಾಯಿ ತೆಗೆದು ಅವಳ ಮುಖ ನೋಡಿ ಮತ್ತೆ ಹಚ್ಚಿಕೊಂಡಿತ್ತು.

ವಿಷದ ಬಾಣ ತಗುಲಿದ ಪ್ರಾಣಿ ಆ ರಾತ್ರಿ ಅಲೆಯುತ್ತದೆ, ಮರುದಿನ ಬಿಸಿಲೇರುವ ಹೊತ್ತಿಗೆ ಮಂಡಿಯೂರುತ್ತದೆ. ಅಷ್ಟು ಹೊತ್ತೂ ಹೊಡೆದವನು ಅದರ ಜೊತೆಗಾರ. ಅವನು ಹೊಟ್ಟೆ ತುಂಬ ತಿಂದರೆ ಅದಕ್ಕೆ ಬಲ ಬರುತ್ತದೆ, ಅವನು ಓಡಿದರೆ ಅದೂ ಓಡುತ್ತದೆ. ಅದಕ್ಕೇ ಕಾಶೆ ಆ ರಾತ್ರಿ ಏನೂ ತಿನ್ನಲಿಲ್ಲ. ನಿನ್ನೆ ಬೆಳಗ್ಗೆ ದೇಬೆಯ ಜೊತೆ ಹೆಜ್ಜೆ ಹಿಡಿದು ಹೊರಟಾಗಲೂ ಮುದುಕನಂತೆ ಮೆಲ್ಲಗೆ ನಡೆದ. ಅವನ ಬೆನ್ನು ಮುಳ್ಳುಪೊದೆಗಳ ನಡುವೆ ಸಣ್ಣದಾಗುತ್ತ ಹೋಗುವುದನ್ನು ತಸಾ ನೋಡಿದ್ದಳು. ಆ ಪ್ರಾಣಿಗಾಗಿ ಅವನು ಉಪವಾಸ ಬಿದ್ದಿದ್ದಾನೆ. ಆ ಪ್ರಾಣಿಯೊಳಗೆ ವಿಷವೇ ಇಲ್ಲ. ಇದು ಗೊತ್ತಿರುವುದು ಈ ಭೂಮಿಯ ಮೇಲೆ ಅವಳೊಬ್ಬಳಿಗೆ, ಮತ್ತೆ ಬಹುಶಃ ಆ ಕುಡೂಗೆ.

ಆಚೆಮೊನ್ನೆ ಅವಳು ಅದನ್ನು ಮಾಡಿದ್ದು ನಡುಹಗಲಲ್ಲಿ, ಎಲ್ಲರ ಕಣ್ಣೆದುರಿಗೆ ಎನ್ನಬೇಕು. ಎಲ್ಲರ ಕಣ್ಣೂ ಮುಚ್ಚಿತ್ತು, ಅಷ್ಟೆ. ಅಂಥ ಬಿಸಿಲು. ಕಾಶೆ ಜೇನು ಹುಡುಕಿಕೊಂಡು ಹೋಗಿದ್ದ. ಬತ್ತಳಿಕೆ ಕೊಂಬೆಗೆ ತೂಗುಬಿದ್ದಿತ್ತು. ಅವಳು ಅದರ ಕೆಳಗೆ ಕುಳಿತು ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪನ್ನು ಮಣಿಗೆಂದು ಚೂರು ಮಾಡುತ್ತಿದ್ದಳು. ತಲೆಯೆತ್ತಿದಾಗ ಬತ್ತಳಿಕೆಯ ಬಾಯಿ ಸಡಿಲಾಗಿರುವುದು ಕಂಡಿತು. ಒಳಗೆ ಏನೋ ಮಿಂಚಿತು. ಮೂಳೆಯ ಮೊನೆ ಮಿಂಚುವುದಿಲ್ಲ, ತಂತಿಯದು ಮಿಂಚುತ್ತದೆ. ಬೇಲಿಯ ತಂತಿಯನ್ನು ಕಾಸಿ, ಕಲ್ಲಿನ ಮೇಲಿಟ್ಟು ಬಡಿದು ಚಪ್ಪಟೆ ಮಾಡಿದ ಮೊನೆ. ಈ ಸೀಮೆಯಲ್ಲಿ ಅಂಥದ್ದನ್ನು ಮಾಡುವವನು ಒಬ್ಬನೇ, ಆಚೆ ಬೆಂಕಿಯ ವಿಧವೆ ಖ್ವಾಳ ತಮ್ಮ. ಅವನಿನ್ನೂ ದನದ ಫಾರ್ಮಿನಲ್ಲೇ ಇದ್ದಾನೆ. ಹೆಂಗಸು ಬಾಣಕ್ಕೆ ಒಡತಿಯಾಗಬಹುದು, ಮುಟ್ಟಬಾರದು. ಮುಟ್ಟಿದರೆ ಬಾಣ ತಣ್ಣಗಾಗುತ್ತದೆ. ಅದು ಅವಳ ರಕ್ತದಲ್ಲೇ ಇದ್ದ ಮಾತು. ಅದಕ್ಕೇ ಹೊದ್ದ ತೊಗಲಿನ ಅಂಚನ್ನು ಕೈಗೆ ಸುತ್ತಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ಅದರ ಜೊಂಡಿನ ಕೋಲನ್ನು ತೊಗಲೊಳಗೇ ಹಿಡಿದು ಎಳೆದುಕೊಂಡಳು. ಮೊನೆಯ ಹಿಂದೆ ಕತ್ತಿನ ಸುತ್ತ ಕಪ್ಪಗೆ ಒಣಗಿದ ವಿಷ. ಪೊದೆಯ ಬುಡ ಅಗೆದು ತೆಗೆದ ಹುಳುಗಳನ್ನು ಒಂದೊಂದಾಗಿ ಹಿಂಡಿ ಕಾಶೆ ಬಳಿದದ್ದು. ಹಾಗೆ ಬಳಿಯುವಾಗ ಮಗುವನ್ನು ಹತ್ತಿರಕ್ಕೆ ಸೇರಿಸುತ್ತಿರಲಿಲ್ಲ. ಮೊಟ್ಟೆಚಿಪ್ಪಿನ ಚೂರಿನಿಂದ ಅವಳು ಅದನ್ನು ಕೆರೆದಳು. ಒಣಗಿದ ಗಾಯದ ಹೆಕ್ಕಳೆಯಂತೆ ಎದ್ದು ಬಂತು. ಮತ್ತೆ ಒಲೆಯ ಮಸಿಯನ್ನು ಎಂಜಲಲ್ಲಿ ಕಲಸಿ ಬಳಿದಳು. ಬಾಣ ಬತ್ತಳಿಕೆಗೆ ಹೋಯಿತು, ಚೂರು ಮರಳಿಗೆ, ಮರಳಿನ ಮೇಲೆ ಕಲ್ಲು. ಮರದಲ್ಲಿ ಒಂದು ಹಕ್ಕಿ ಕೂಗಿ ಮುಗಿಸುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಬೆರಳಿಗೆ ಬೂದಿ ಹಚ್ಚಿ, ನೀರಿನ ಡಬ್ಬಿಯಿಂದ ಅರ್ಧ ಡಬ್ಬಿ ಸುರಿದುಕೊಂಡು ತೊಳೆದಳು. ಆಮೇಲೆ ಎದೆಯಲ್ಲಿ ಎಂಥದೋ ತಂಪು, ಹಲವು ತಿಂಗಳಿಂದ ಇರದಿದ್ದ ತಂಪು. ಅಂದು ಮಧ್ಯಾಹ್ನ ಅವಳು ಒಳ್ಳೆ ನಿದ್ದೆ ಮಾಡಿದಳು. ಈಗ ನೆನೆದರೆ ನಾಚಿಕೆಯಾಗುವುದು ಆ ನಿದ್ದೆಗೆ.

ಖ್ವಾ ಆ ಫಾರ್ಮಿನಿಂದ ಬಂದದ್ದು ಕಳೆದ ಮಳೆ ಮುಗಿದ ಮೇಲೆ. ಗಂಡ ಸತ್ತಿದ್ದ, ಹೆಗಲಿಗೊಂದು ಗಂಟು, ಗಂಟಿನಲ್ಲಿ ತಮ್ಮ ಸುತ್ತಿಕೊಟ್ಟ ಒಂದು ತಂತಿ ಮೊನೆಯ ಬಾಣ. ಅವಳದು ಬಾವುವಿನ ಸತ್ತ ತಾಯಿಯ ಹೆಸರು. ಹೆಸರು ಒಂದೇ ಆದಮೇಲೆ ನಂಟೂ ಒಂದೇ. ಹಲ್ಲುದುರಿದ ಮುದುಕಿ ಆ ಮೂವತ್ತರ ವಿಧವೆಯನ್ನು ಅವ್ವಾ ಎಂದು ಕೂಗುತ್ತಾಳೆ, ಅವಳು ಇವಳನ್ನು ಮಗಳೇ ಎನ್ನುತ್ತಾಳೆ, ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಕಾಶೆಗೆ ಅವಳು ಅಜ್ಜಿಯಾದಳು. ಅಜ್ಜಿಯ ಹೆಸರಿನವಳ ಜೊತೆ ಚೇಷ್ಟೆ ಮಾಡಲು ಯಾರ ಅಪ್ಪಣೆಯೂ ಬೇಡ, ಕಟ್ಟಿಕೊಳ್ಳಲೂ ಅಡ್ಡಿಯಿಲ್ಲ. "ಅಜ್ಜೀ, ನನ್ನ ಮದುವೆ ಆಗ್ತೀಯಾ?" ಎಂದು ಅವನು ಎಲ್ಲರೆದುರಿಗೆ ಕೇಳುತ್ತಾನೆ. "ಮೊದಲು ಆ ಕಾಲು ತೊಳ್ಕೊಂಡು ಬಾರೋ ಮೊಮ್ಮಗನೇ" ಎನ್ನುತ್ತಾಳೆ ಅವಳು. ಎಲ್ಲರೂ ನಗುತ್ತಾರೆ, ತಸಾ ಕೂಡ. ನಗುವಾಗ ದವಡೆಯ ಹತ್ತಿರ ಒಂದು ನರ ಎಳೆಯುತ್ತದೆ. ಎಲ್ಲರೆದುರು ಆಡುವ ಮಾತಿನಲ್ಲಿ ಹುರುಳಿರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಹುರುಳಿರುವುದನ್ನು ಮುಚ್ಚಿಡಲು ಎಲ್ಲರೆದುರಿಗಿಂತ ಒಳ್ಳೆಯ ಜಾಗ ಯಾವುದು ಎಂದೂ ಆಮೇಲೆ ಅನ್ನಿಸುತ್ತದೆ.

ಮಾತು ಹೋಗಲಿ. ಖ್ವಾ ಆ ಬಾಣವನ್ನು ಕಾಶೆಗೆ ಕೊಟ್ಟಳು. ಅದರಿಂದ ಮೊದಲು ಒಂದು ಕಾಡುಹಂದಿ ಬಿತ್ತು, ಆಮೇಲೆ ಒಂದು ಹೆಣ್ಣು ಕುಡೂ. ಬಾಣ ಯಾರದೋ ಮಾಂಸ ಅವರದು, ಹೊಡೆದವನದಲ್ಲ. ಹಂಚುವ ಕೈ ಬಾಣದ ಒಡೆಯನದು, ಹಂಚಿಕೆಯಲ್ಲಿ ತಪ್ಪಾದರೆ ಬೈಗುಳವೂ ಅವನದೇ. ಹೀಗಿರುವುದಕ್ಕೇ ಒಳ್ಳೆಯ ಬೇಟೆಗಾರನ ತಲೆ ಭುಜದ ಮೇಲೇ ಉಳಿದಿದೆ, ಆಕಾಶಕ್ಕೆ ಏರಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದು ನ್ಯಾಯವೇ. ಆದರೆ ತಸಾಳ ಗಂಡ ಎರಡು ಹಗಲು ಮುಳ್ಳಿನಲ್ಲಿ ತೆವಳಿ ಕೊಂದು ತಂದ ಮಾಂಸದ ಮುಂದೆ ಖ್ವಾ ಕುಳಿತು, ಇದು ಅವರಿಗೆ, ಇದು ಇವರಿಗೆ ಎಂದು ತುಂಡು ಮಾಡಿದ್ದನ್ನು, ಅವಳ ಮೊಣಕೈವರೆಗೆ ಕೊಬ್ಬು ಹತ್ತಿ ಹೊಳೆಯುತ್ತಿದ್ದುದನ್ನು, ಆ ಹೊಳಪಿನ ಕಡೆ ಎಲ್ಲರ ಕಣ್ಣೂ ಹೊರಳಿದ್ದನ್ನು ಮರೆಯುವುದು ಹೇಗೆ? ಅವಳು ತಸಾಳಿಗೆ ಕುತ್ತಿಗೆಯ ಮಾಂಸ ಕೊಟ್ಟಳು. "ತಗೊಳೇ, ಮಗೂಗೆ ಮೆತ್ತಗಿರುತ್ತೆ" ಎಂದಳು. ಮೆತ್ತಗೇ ಇತ್ತು. ಪ್ರೀತಿಯಿಂದಲೇ ಕೊಟ್ಟಿದ್ದಳು. ಬೈದು ಕೊಟ್ಟಿದ್ದರೆ ಗಂಟಲಲ್ಲಿ ಇಳಿಯುತ್ತಿತ್ತು.

ತಸಾಳಿಗೂ ಒಂದು ಬಾಣವಿದೆ. ಅಪ್ಪ ಸಾಯುವ ಮುಂಚೆ ಅವಳ ಹೆಸರಿಗೆಂದು ಕೊಟ್ಟದ್ದು. ಜೊಂಡಿನ ಮೇಲೆ ಕೆಂಡದಲ್ಲಿ ಸುಟ್ಟು ಹಾಕಿದ ಮೂರು ಬಳೆಗಳ ಗುರುತು, ಬಿಳಿ ಮೂಳೆಯ ಮೊನೆ. ಮದುವೆಯಾದ ವರ್ಷ ಅದನ್ನು ಕಾಶೆಯ ಬತ್ತಳಿಕೆಗೆ ಹಾಕಿಸಿದ್ದಳು. ಒಂದೇ ಒಂದು ಸಲ ಅದರಿಂದ ಒಂದು ಸಣ್ಣ ಜಿಂಕೆ ಬಿದ್ದಿತ್ತು. ಅವತ್ತು ಅವಳು ಹಂಚಿದಳು. ಮೊದಲ ತುಂಡು ಅತ್ತೆಗೆ, ಮುದುಕಿ ಅದನ್ನು ಕೈಯಲ್ಲಿ ತೂಗಿ, "ಇಷ್ಟೇನಾ? ಇದರ ಮೂಳೆ ಹೊತ್ತು ತರೋಕೆ ಇಬ್ಬರು ಬೇಕಾಯ್ತಾ?" ಎಂದು ಬೈದಳು, ಒಳ್ಳೆಯ ಮಾಂಸವನ್ನು ಬೈಯಬೇಕಾದಂತೆ. ಆ ಬೈಗುಳದ ಸಿಹಿ ಇವತ್ತಿಗೂ ನಾಲಗೆಯ ಮೇಲಿದೆ. ಆಮೇಲೆ ಆರು ವರ್ಷ ಆ ಬಾಣ ಬತ್ತಳಿಕೆಯಲ್ಲಿ ಸುಮ್ಮನೆ ನಿಂತಿದೆ. ಅವಳು ಕೇಳಿಲ್ಲ. ಕೇಳಿ ಪಡೆದದ್ದು ತನ್ನದು ಹೇಗಾಗುತ್ತದೆ?

ಹೋದ ತಿಂಗಳು ಇನ್ನೊಂದು ನಡೆಯಿತು. ಕಾಶೆ ಒಂದು ಜಿಂಕೆಯ ತೊಗಲನ್ನು ವಾರಗಟ್ಟಲೆ ಕೆರೆದು, ಉಜ್ಜಿ, ಮಿದ್ದು ಹದ ಮಾಡಿದ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳಲು ತನಗೆ ಎಂದುಕೊಂಡಿದ್ದಳು ತಸಾ, ಹಳೆಯದು ಅಂಚಿನಲ್ಲಿ ಬಿಟ್ಟಿತ್ತು. ಒಂದು ಬೆಳಗ್ಗೆ ಅದು ಖ್ವಾಳ ಹೆಗಲ ಮೇಲಿತ್ತು. ಅವನು ಏನೂ ಹೇಳಲಿಲ್ಲ, ಇವಳು ಏನೂ ಕೇಳಲಿಲ್ಲ. ಆಚೆಮೊನ್ನೆ ಮಿಂಚಿದ್ದು ತಂತಿಯಷ್ಟೇ ಅಲ್ಲ, ಆ ತೊಗಲೂ ಹೌದು.

"ಮಗಳೇ! ಬದುಕಿದ್ದೀಯಾ?"

ಖ್ವಾಳ ದನಿ. ಕೈಯಲ್ಲಿ ಮಣ್ಣು ಮೆತ್ತಿದ ಎರಡು ದಪ್ಪ ಗೆಡ್ಡೆ. ಹೆಗಲ ಮೇಲೆ ಅದೇ ತೊಗಲು.

"ಬದುಕಿದ್ದೀನಿ ಅವ್ವಾ, ನೀನು ನನಗೆ ಹಾಲು ಬಿಡಿಸಿದಾಗಿಂದ ಬರೀ ಕಾಯಿ ತಿಂದ್ಕೊಂಡು" ಎಂದಳು ಮುದುಕಿ. "ಏನು ತಂದೆ?"

"ನಿಂಗೊಂದು, ನಿನ್ನ ಹೆಸರಿನೋಳಿಗೊಂದು." ಮಗುವಿಗೂ ಅಜ್ಜಿಯದೇ ಹೆಸರು, ಬಾವು. ಖ್ವಾ ಅದನ್ನು ಎತ್ತಿಕೊಂಡು ಮೂಗಿಗೆ ಮೂಗು ತಿಕ್ಕಿದಳು. ಮಗು ಅವಳ ಹೆಗಲ ತೊಗಲನ್ನು ಹಿಡಿದೆಳೆದು ಬಾಯಿಗಿಟ್ಟುಕೊಂಡಿತು. ಅದಕ್ಕೂ ಗೊತ್ತು ಅದು ತನ್ನದೆಂದು, ಅನ್ನಿಸಿತು ತಸಾಳಿಗೆ.

"ಇನ್ನೂ ಬಂದಿಲ್ವಲ್ಲ ನಿನ್ನ ಗಂಡ" ಎಂದಳು ಖ್ವಾ, ಕುಳಿತುಕೊಳ್ಳುತ್ತ.

"ನಿನ್ನ ಮೊಮ್ಮಗ" ಎಂದಳು ತಸಾ.

ಖ್ವಾ ಒಂದು ಗಳಿಗೆ ಅವಳನ್ನೇ ನೋಡಿ ನಕ್ಕಳು. "ಮೊಮ್ಮಗನೇ. ದಾರಿ ತಪ್ಪೋ ಮೊಮ್ಮಗ. ಬರಲಿ, ಈ ಸಲ ಮಾಂಸ ಬಂದಾಗ ನೀನೇ ನೋಡ್ತೀಯಂತೆ."

ಏನು ನೋಡುವುದು? ಇನ್ನೊಮ್ಮೆ ನಿನ್ನ ಮೊಣಕೈ ಹೊಳೆಯುವುದನ್ನೇ? ತಸಾ ಕಾಯಿ ಇಟ್ಟು ಕಲ್ಲೆತ್ತಿದಳು. ಬೆರಳು ಸರಿಸುವುದು ಮರೆಯಿತು. ಏಟು ಉಗುರಿನ ತುದಿಗೆ ಬಿತ್ತು. ರಕ್ತ ಬರುತ್ತದೆಯೇ ಎಂದು ಬೆವರುತ್ತ ನೋಡಿದಳು. ಬರಲಿಲ್ಲ. ವಿಷ ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲವಂತೆ, ರಕ್ತಕ್ಕೆ ಸೇರಿದರೆ ಮುಗಿಯಿತು. ಮೂರು ದಿನದಿಂದ ಅವಳು ಬಲಗೈಯಿಂದ ಮಗುವಿನ ಮುಖ ಮುಟ್ಟಿಲ್ಲ.

"ನಿಧಾನ ಕಣೇ" ಎಂದು ಖ್ವಾ ಕಲ್ಲು ಕಿತ್ತುಕೊಂಡು ತಾನೇ ಒಡೆಯತೊಡಗಿದಳು. ತಿರುಳುಗಳು ಒಂದೊಂದಾಗಿ ಇಡಿಯಾಗಿ ಬಂದವು. ಒಡೆಯುತ್ತಲೇ ಫಾರ್ಮಿನ ಮಾತು ತೆಗೆದಳು, ಯಾವಾಗಲೂ ತೆಗೆಯುವಂತೆ. "ಅಲ್ಲಿ ಹಿಟ್ಟಿಗೆ ಬರ ಇರ್ಲಿಲ್ಲ. ವಾರಕ್ಕೊಂದು ಚೀಲ. ಆದ್ರೆ ಚೀಲ ಕೊಡೋನ ಮುಖ ನೋಡ್ಬೇಕು. ಅವನು ನಕ್ಕರೆ ನಾವೂ ನಗ್ಬೇಕು. ಹಸು ಕೊಯ್ದ ದಿನ ಬಾಗಿಲಲ್ಲಿ ನಿಂತ್ಕೊಂಡ್ರೆ ಕರುಳು ಎಸೀತಿದ್ದ. ಕೊಡ್ತಿರ್ಲಿಲ್ಲ ಮಗಳೇ, ಎಸೀತಿದ್ದ. ನನ್ನ ಗಂಡ ಒಂದಿನ ಕೇಳಿದ, ಈ ಹಸು ನಿಂಗೇನು ಮಾಡಿತ್ತು, ಕೊಂದ್ಯಲ್ಲ ಅಂತ. ಅವನಿಗೆ ಅರ್ಥಾನೇ ಆಗ್ಲಿಲ್ಲ."

"ಲಾರಿ ಬರೋದು ಇನ್ನು ಹತ್ತು ದಿನಕ್ಕಂತೆ" ಎಂದಳು ತಸಾ, ಏನಾದರೂ ಹೇಳಬೇಕೆಂದು. ಸರಕಾರದ ಜೋಳದ ಹಿಟ್ಟಿನ ಲಾರಿ. ಕಾಶೆ ಅದರ ಹಿಟ್ಟು ತಿನ್ನುತ್ತಾನೆ, ಬೇಡವೆನ್ನುವುದಿಲ್ಲ, ಆದರೆ ರಸ್ತೆ ಬದಿಗೆ ಹೋಗಿ ಗುಡಿಸಲು ಹಾಕೋಣ ಎಂದು ದೇಬೆ ಹೇಳಿದಾಗಲೆಲ್ಲ, "ಅಲ್ಲಿ ನಾವು ಲಾರಿಯ ದಾರಿ ನೋಡ್ತೀವಿ, ಇಲ್ಲಿ ಹೆಜ್ಜೆ ನೋಡ್ತೀವಿ. ಕುತ್ತಿಗೆ ಎತ್ತಿ ನೋಡೋದು ಬೇರೆ, ಬಗ್ಗಿಸಿ ನೋಡೋದು ಬೇರೆ" ಎನ್ನುತ್ತಾನೆ.

ಮುದುಕಿ ಗೆಡ್ಡೆ ಚೀಪುತ್ತಿದ್ದವಳು ನಿಲ್ಲಿಸಿದಳು. "ಕಾಶೆ ಅಪ್ಪ ಒಂದು ಸಲ ಗಾಯದ ಪ್ರಾಣಿ ಹಿಂದೆ ಐದು ದಿನ ಹೋಗಿದ್ದ. ವಿಷ ಸಾಲದೆ ಹೋಗಿತ್ತು, ಹೊಟ್ಟೆ ಮೇಲೆ ಗಾಯ. ಜೊತೆಗಿದ್ದವರು ಬಾ, ಬೇರೆ ಸಿಗುತ್ತೆ ಅಂದ್ರು. ಅವನು ಬರ್ಲಿಲ್ಲ. ತಿನ್ನೋಕೆ ಅಂತ ಕೊಂದ್ರೆ ಅದರ ಉಸಿರು ನಮ್ಮ ಹೊಟ್ಟೆಗೆ ಬರುತ್ತೆ, ಅದಕ್ಕೂ ಒಂದು ಮನೆ ಸಿಕ್ಕಿತು. ನೋಯಿಸಿ ಬಿಟ್ಟರೆ? ಅದು ಎಲ್ಲಿಗೆ ಹೋಗ್ಬೇಕು? ಐದನೇ ದಿನ ಸಿಕ್ತು. ಹುಳ ಬಿದ್ದಿತ್ತು. ತಿನ್ನೋಕೆ ಆಗ್ಲಿಲ್ಲ. ಕೊಂದು, ಮುಳ್ಳು ಮುಚ್ಚಿ ಬಂದ. ಬಂದೋನು ಒಂದು ತಿಂಗಳು ಬಿಲ್ಲು ಮುಟ್ಟಲಿಲ್ಲ."

ಖ್ವಾ ಹೊಡೆಯುವ ಕಲ್ಲಿನ ಸದ್ದೊಂದೇ. ಕುಡೂ ಈಗ ಎಲ್ಲಿರಬಹುದು? ಬಿಸಿಲಿಗೆ ಯಾವುದೋ ಮರಕ್ಕೆ ಒರಗಿ ನಿಂತು, ತೊಡೆಯ ಮೇಲೆ ಬಾಲಕ್ಕೆ ಎಟುಕದ ನೊಣವನ್ನು ಕತ್ತು ತಿರುಗಿಸಿ ನೋಡುತ್ತಿರಬಹುದು. ಅದಕ್ಕೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಇಷ್ಟು ಯೋಚಿಸಿದರೂ, ಅವಳ ಕಣ್ಣು ತಾನಾಗಿ ಹೋಗುತ್ತಿದ್ದುದು ಖ್ವಾಳ ಹೆಗಲಿಗೆ. ಎಷ್ಟು ಚೆನ್ನಾಗಿ ಹದ ಮಾಡಿದ್ದಾನೆ, ಒಂದು ಮಡಿಕೆಯೂ ಬಿರುಸಾಗಿಲ್ಲ.

ಅವರು ಬಂದಾಗ ನೆರಳು ಉದ್ದವಾಗಿತ್ತು. ಮೊದಲು ಕಂಡದ್ದು ದೇಬೆ, ಹಿಂದೆ ಕಾಶೆ. ಇಬ್ಬರ ಹೆಗಲೂ ಬರಿದು. ಮಾಂಸ ಬಿದ್ದಿದ್ದರೆ ಒಬ್ಬನೇ ಬರುತ್ತಿದ್ದ, ಹೊರಲು ಜನ ಕರೆಯಲು. ಬಾವು ಕಣ್ಣಿನ ಮೇಲೆ ಕೈಯಿಟ್ಟು ನೋಡುತ್ತಿದ್ದವಳು ಕೈ ಇಳಿಸಿದಳು. ಕಾಶೆಯ ತುಟಿ ಬಿಳಿಚಿಕೊಂಡು ಸೀಳಿತ್ತು. ಎರಡು ದಿನಕ್ಕೆ ಎರಡು ವರ್ಷ ಏರಿತ್ತು ಮುಖಕ್ಕೆ. ತಸಾ ನೀರಿನ ಡಬ್ಬಿ ಕೊಟ್ಟಳು, ಎಡಗೈಯಲ್ಲಿ.

"ಅಣ್ಣನ ವಿಷ ಅಜ್ಜಿ ಹಾಲಿದ್ದ ಹಾಗಿತ್ತು" ಎಂದ ದೇಬೆ ಮರಳಿನ ಮೇಲೆ ಬಿದ್ದುಕೊಳ್ಳುತ್ತ. "ಕುಡೂ ಕುಡಿದು, ಒಳ್ಳೆ ನಿದ್ದೆ ಮಾಡಿ, ಮೈ ಮುರಿದು ಎದ್ದು ಹೋಗಿದೆ. ಮಲಗಿದ್ದ ಜಾಗಾನೂ ನೋಡಿದ್ವಿ. ಅತ್ತಿಗೆ, ನಿನ್ನ ಗಂಡನ್ನ ಇನ್ಮೇಲೆ ಆಮೆ ಹಿಡಿಯೋಕೆ ಕಳಿಸು."

"ವಿಷ ಹಳೇದು" ಎಂದ ಕಾಶೆ. "ನಂದೇ ತಪ್ಪು. ಹುಳು ಒಣಗಿದ್ವು."

"ಹೋಗ್ಲಿ ಬಿಡೋ ಮೊಮ್ಮಗನೇ" ಎಂದಳು ಖ್ವಾ. ಆಮೇಲೆ ತಸಾಳ ಕಡೆ ತಿರುಗಿ, ಬೆನ್ನು ತಟ್ಟುವಂಥ ನಗೆಯಲ್ಲಿ, "ನೋಡೇ, ನಿನ್ನ ಬಾಣ ಆರು ವರ್ಷ ಆದ್ಮೇಲೆ ಈಚೆ ಬಂದು ನಾಚ್ಕೊಂಡುಬಿಡ್ತು" ಎಂದಳು.

"ಯಾರ ಬಾಣ?" ಎಂದಳು ತಸಾ.

ಖ್ವಾಳ ನಗೆ ಅರ್ಧಕ್ಕೆ ನಿಂತಿತು. "ಇನ್ನೂ ಹೇಳಿಲ್ವೇನೋ ನೀನು?"

ಕಾಶೆ ನೀರಿನ ಡಬ್ಬಿಯನ್ನು ಕೆಳಗಿಟ್ಟ. "ಮಾಂಸ ಬಂದ್ಮೇಲೆ ಮಾಂಸಾನೇ ಹೇಳ್ಲಿ ಅಂತಿದ್ದೆ." ಬತ್ತಳಿಕೆಯಿಂದ ಮೊನೆ ಕಳಚಿದ ಜೊಂಡಿನ ಕೋಲೊಂದನ್ನು ತೆಗೆದು ತನ್ನ ಮೊಣಕಾಲ ಮೇಲಿಟ್ಟುಕೊಂಡ. ಮೂರು ಕರಿ ಬಳೆ. "ನಿಮ್ಮಪ್ಪ ಹಾಕಿದ್ದ ಮೂಳೆ ಮೊನೆ ಯಾವತ್ತೋ ಸೀಳಿತ್ತು. ಒಂದು ತಂತಿ ಮೊನೆ ತರಿಸಿಕೊಡು ಅಂತ ಇವಳನ್ನ ಕೇಳಿದ್ದೆ. ತೊಗಲು ಕೊಟ್ಟು ಇಸ್ಕೊಂಡೆ. ಇವಳ ಬಾಣ ಇವಳಿಗೇ ವಾಪಸ್ ಕೊಟ್ಟಿದೀನಿ." ಇದಕ್ಕಿಂತ ಉದ್ದ ಅವನು ಹೆಂಡತಿಯ ಬಗ್ಗೆ ಹತ್ತು ಜನರ ಮುಂದೆ ಯಾವತ್ತೂ ಮಾತಾಡಿದವನಲ್ಲ.

ತಸಾ ಆ ಮೂರು ಬಳೆಗಳನ್ನು ನೋಡಿದಳು. ಅವತ್ತು ಅವು ಅವಳ ಮುಷ್ಟಿಯೊಳಗೇ ಇದ್ದವು. ತೊಗಲಿನಲ್ಲಿ ಸುತ್ತಿ, ಮುಟ್ಟಬಾರದೆಂದು, ನೋಡಬಾರದೆಂದು, ಅಷ್ಟು ಮಡಿಯಿಂದ ಹಿಡಿದು ಅವಳು ಕೆರೆದದ್ದು ಅಪ್ಪನ ಬಾಣವನ್ನು. ಬರಿ ಬೆರಳು ತಾಗಿದ್ದರೆ ಗುರುತು ಹತ್ತುತ್ತಿತ್ತು. ಕೆಂಡ ಸುಟ್ಟಲ್ಲಿ ಜೊಂಡು ಒಂದು ಕೂದಲೆಳೆಯಷ್ಟು ತಗ್ಗಾಗಿರುತ್ತದೆ. ಕುಡೂ ಬಿದ್ದಿದ್ದರೆ ಈಗ ಅವಳು ಹಂಚುತ್ತಿದ್ದಳು. ಎದೆಗೂಡು ಅತ್ತೆಗೆ. ಹಿಂಗಾಲು ದೇಬೆಗೆ. ಖ್ವಾಳಿಗೆ ಏನು ಕೊಡುತ್ತಿದ್ದಳು? ಒಳ್ಳೆಯದನ್ನೇ ಕೊಡುತ್ತಿದ್ದಳು, ಅವಳ ಗಂಟಲಲ್ಲಿ ಸಿಕ್ಕಿಕೊಳ್ಳುವಂತೆ, ಪ್ರೀತಿಯಿಂದ. ಆ ಗಳಿಗೆಯಲ್ಲೂ ಅವಳೊಳಗೆ ಮೊದಲು ಎದ್ದು ನಿಂತದ್ದು ಪಶ್ಚಾತ್ತಾಪವಲ್ಲ. ಇದೆಲ್ಲ ಖ್ವಾಳಿಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ. ಇಬ್ಬರೂ ಕುಳಿತು ತನ್ನ ಬಾಣದ ಮಾತಾಡಿದ್ದಾರೆ, ತನ್ನನ್ನು ಬಿಟ್ಟು. ಅದು ಚುಚ್ಚಿದ ಮೇಲೆ ಉಳಿದದ್ದು ಚುಚ್ಚಿತು.

ಎಲ್ಲರೂ ತಮ್ಮ ತಮ್ಮ ಬೆಂಕಿಗೆ ಹೋದರು. ಬಾವು ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು, "ನನ್ನ ಹೆಸರೇ, ಇವತ್ತೂ ಕಾಯೇ ಕಣೇ" ಎಂದು ತೂಗುತ್ತಿದ್ದಳು. ಕಾಶೆ ಬೆಂಕಿಯ ಮುಂದೆ ಕುಳಿತು ಬತ್ತಳಿಕೆಯ ಮಡಿಕೆಯಿಂದ ಏನನ್ನೋ ತೆಗೆದ. ತಂತಿಯ ಮೊನೆ, ಅದರ ಕತ್ತಿನ ಜೊತೆ. "ಮರಕ್ಕೆ ಉಜ್ಜಿ ಉಜ್ಜಿ ಬೀಳಿಸಿಕೊಂಡಿದೆ" ಎಂದ, ಯಾರಿಗೂ ಅಲ್ಲದಂತೆ. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಕತ್ತಿನ ಸುತ್ತ ಸಣ್ಣ ಸಣ್ಣ ಗೀರು, ಒಂದರ ಪಕ್ಕ ಒಂದು, ಅವಸರದವು. ವಿಷ ಹಳೆಯದಾದರೆ ಪುಡಿಯಾಗಿ ಉದುರುತ್ತದೆ, ಗೀರು ಬೀಳುವುದಿಲ್ಲ. ಹುಳು ಹಿಂಡಿದವನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಎಷ್ಟು ಹೊತ್ತಿನಿಂದ ಗೊತ್ತಿದೆ ಇವನಿಗೆ? ಆ ಮರದ ಬುಡದಲ್ಲಿ ಅದು ಸಿಕ್ಕಾಗಿನಿಂದಲೇ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಮಡಿಕೆಯಲ್ಲಿಟ್ಟುಕೊಂಡು, ಹುಳು ಒಣಗಿತ್ತು ಎಂದು ಎಲ್ಲರಿಗೂ ಹೇಳಿ, ದೇಬೆಯ ಕೈಲಿ ಆಮೆ ಹಿಡಿಯುವವನೆನ್ನಿಸಿಕೊಂಡು.

"ನಾನೇ" ಎಂದಳು ತಸಾ. "ಅವಳದ್ದು ಅಂದ್ಕೊಂಡೆ."

ಕಾಶೆ ತಲೆಯೆತ್ತಲಿಲ್ಲ. ಒಂದು ಕೊಳ್ಳಿಯನ್ನು ಒಳಕ್ಕೆ ತಳ್ಳಿದ. ಬಯ್ಯುತ್ತಾನೆ, ಎದ್ದು ಖ್ವಾಳ ಬೆಂಕಿಗೆ ಹೋಗಿಬಿಡುತ್ತಾನೆ, ನಾಳೆ ಬೆಳಗ್ಗೆ ಎಲ್ಲರಿಗೂ ಹೇಳುತ್ತಾನೆ. ಮೂರಕ್ಕೂ ಅವಳು ಸಿದ್ಧವಾಗಿದ್ದಳು.

"ಕೈ ತೊಳ್ಕೊಂಡ್ಯಾ?" ಎಂದ.

"ಬೂದಿ ಹಾಕಿ ತೊಳ್ಕೊಂಡೆ."

"ಉಗುರು?"

"ಹೂಂ."

"ಮಗೂಗೆ ಈ ಕೈಯಲ್ಲಿ ಉಣ್ಣಿಸಿದ್ಯಾ?"

"ಇಲ್ಲ. ಮೂರು ದಿನದಿಂದ ಇಲ್ಲ."

"ಯಾತರಲ್ಲಿ ಕೆರೆದೆ?"

ಅವಳು ಎದ್ದು ಗುಡಿಸಲ ಹಿಂದೆ ಹೋದಳು. ಅವನೂ ಬಂದ. ಕಲ್ಲು ಎತ್ತಿದವನು ಅವನು. ಒಂದು ಕಡ್ಡಿಯಿಂದ ಮರಳು ಕೆದಕಿ, ಚೂರನ್ನು ಎರಡು ಕಡ್ಡಿಗಳ ನಡುವೆ ಹಿಡಿದು ತಂದು ಕೆಂಡದ ನಡುವೆ ಹಾಕಿದ. ಚಿಪ್ಪು ಚಟ್ಟೆಂದು ಒಡೆಯಿತು. ಇಬ್ಬರೂ ಅದು ಬೂದಿಯಾಗುವವರೆಗೆ ನೋಡುತ್ತ ನಿಂತರು. ಇಷ್ಟಾದರೂ ಅವನು ಅವಳ ಮುಖ ನೋಡಿರಲಿಲ್ಲ.

"ನಾಳೆ ಮತ್ತೆ ಹೋಗ್ಬೇಕು" ಎಂದ. "ಬಲಗಾಲು ಎಳೀತಿದೆ. ಹಳ್ಳದಾಚೆ ಸಿಂಹದ ಹೆಜ್ಜೆ ಇತ್ತು. ಹಾಗೇ ಬಿಡೋಕಾಗಲ್ಲ." ಮೊನೆಯನ್ನು ತೋರಿಸಿ ಹೇಳಿದ: "ಇದು ತಣ್ಣಗಾಯ್ತು. ಮೂಳೆಯವು ಚರ್ಮ ದಾಟಲ್ಲ, ದೊಡ್ಡ ಗಂಡು. ಇನ್ನೊಂದು ತಂತಿ ಮೊನೆ ಬೇಕು."

ತಂತಿ ಮೊನೆ ಇನ್ನು ಯಾರ ಹತ್ತಿರ ಇದೆ ಎಂದು ಅವನು ಹೇಳಲಿಲ್ಲ. ತಾನು ಹೋಗಿ ಕೇಳುತ್ತೇನೆ ಎಂದೂ ಹೇಳಲಿಲ್ಲ. ಅಲ್ಲೇ ಕುಳಿತು, ಕೈಯಲ್ಲಿದ್ದ ಮೊನೆಯನ್ನು ತೊಗಲಿನ ಚೂರಿನಲ್ಲಿ ಸುತ್ತತೊಡಗಿದ, ಸುತ್ತಿ ಮುಗಿದ ಮೇಲೂ ಸುತ್ತುತ್ತಿದ್ದ.

ಖ್ವಾಳ ಬೆಂಕಿ ಇಪ್ಪತ್ತು ಹೆಜ್ಜೆ ದೂರ. ತಸಾ ಆ ಇಪ್ಪತ್ತು ಹೆಜ್ಜೆಯನ್ನು ಇಟ್ಟಳು. ಅಷ್ಟು ಮೆಲ್ಲಗೆ ನಡೆದಳೆಂದರೆ, ದೂರದಲ್ಲಿ ಯಾವುದೋ ಪ್ರಾಣಿಗೆ ಬಾಣ ಹೊಡೆದು ಬಂದವಳ ಹಾಗೆ. ಖ್ವಾ ಜಿಂಕೆಯ ತೊಗಲನ್ನು ಹಾಸಿಕೊಂಡು ಕುಳಿತಿದ್ದಳು. ತಲೆಯೆತ್ತಿ ನೋಡಿದಳು.

"ನಿನ್ನ ಬಾಣ ಬೇಕಿತ್ತು" ಎಂದಳು ತಸಾ. "ನಾಳೆ ಬೆಳಗ್ಗೆಗೆ."

"ನಿಂದಕ್ಕೇನಾಯ್ತು? ಹೊಸ ಹುಳು ಹಿಂಡಿ ಬಳಿದ್ರೆ ಆಯ್ತಲ್ಲ."

ಹುಳು ಒಣಗಿತ್ತು, ಗಂಡನ ತಪ್ಪು ಎನ್ನಬಹುದಿತ್ತು. ಅವನು ಆ ಮಾತನ್ನು ಸಿದ್ಧಮಾಡಿ ಅವಳಿಗಾಗಿಯೇ ಇಟ್ಟುಹೋಗಿದ್ದ. "ನಾನು ಕೆರೆದುಬಿಟ್ಟೆ" ಎಂದಳು. "ನಿಂದು ಅಂದ್ಕೊಂಡು."

ಖ್ವಾಳ ಮುಖದಲ್ಲಿ ಏನೂ ಕದಲಲಿಲ್ಲ. ಬೆಂಕಿಯ ಬೆಳಕು ಮಾತ್ರ ಕದಲಿತು. ಅವಳ ಕೈ ತಾನು ಕುಳಿತ ತೊಗಲಿನ ಅಂಚನ್ನು ಮುಟ್ಟಿ ನೋಡಿತು, ಅದರ ಬೆಲೆ ಎಷ್ಟೆಂದು ಈಗ ತಿಳಿದವಳಂತೆ. ಆಮೇಲೆ ಒಂದು ಪಕ್ಕಕ್ಕೆ ಸರಿದಳು.

"ಕೂತ್ಕೋ. ನಿಂತ್ಕೊಂಡು ಕೇಳಿದ್ರೆ ನಾನು ಕೊಡಲ್ಲ."

ತಸಾ ಕುಳಿತಳು. ತೊಗಲು ಅವಳು ಅಂದುಕೊಂಡಿದ್ದಕ್ಕಿಂತ ಮೆತ್ತಗಿತ್ತು. ಅದನ್ನು ತಿಳಿಯುವುದಕ್ಕೇ ಬಂದೆನೇನೋ ಎನ್ನುವಂತೆ ಎದೆಯ ಮೂಲೆಯಲ್ಲಿ ಹಳೆಯದು ಒಮ್ಮೆ ಹೊರಳಿ ಮತ್ತೆ ಮಲಗಿತು.

"ಅವನೇ ಬಂದು ತಗೊಂಡು ಹೋಗ್ಲಿ, ನಾವಿಬ್ಬರೂ ಮುಟ್ಟೋದು ಬೇಡ" ಎಂದಳು ಖ್ವಾ. "ಬಿದ್ರೆ ನಾನೇ ಹಂಚೋದು, ತಿಳೀತಾ?"

"ತಿಳೀತು."

"ನಿಂಗೆ ಕುತ್ತಿಗೆ ಮಾಂಸ. ಮಗೂಗೆ ಮೆತ್ತಗಿರುತ್ತೆ." ಈ ಸಲ ದನಿಯಲ್ಲಿ ಪ್ರೀತಿ ಇರಲಿಲ್ಲ. ಬೈಗುಳವೇ ಇತ್ತು, ಬೈಯಬೇಕಾದಂತೆ. ಅದು ತಸಾಳ ಗಂಟಲಲ್ಲಿ ಇಳಿಯಿತು.

"ಮೊದಲು ಬೀಳಲಿ" ಎಂದಳು. "ಸಿಂಹಕ್ಕಿಂತ ಮುಂಚೆ ನಮಗೆ ಸಿಗಲಿ."

ಆಮೇಲೆ ಇಬ್ಬರೂ ಹಳ್ಳದ ದಿಕ್ಕಿಗೆ ಕಿವಿಯಿಟ್ಟು ಕುಳಿತರು. ಅತ್ತ ಬಾವುವಿನ ಮಡಿಲಿನಿಂದ ಇಳಿದ ಮಗು ಅಮ್ಮನನ್ನು ಹುಡುಕಿಕೊಂಡು ತೂರಾಡುತ್ತ ಬಂತು. ಎರಡೂ ಕೈ ಚಾಚಿತು. ತಸಾ ಬಲಗೈಯನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು ಎಡಗೈ ಕೊಟ್ಟಳು. ಮಗು ಅದನ್ನು ಹಿಡಿಯಲಿಲ್ಲ. ಸುತ್ತಿ ಬಂದು, ಬೆನ್ನ ಹಿಂದಿದ್ದ ಕೈಯನ್ನೇ ಹುಡುಕತೊಡಗಿತು.